ಒಂದು ಫೋನಿನ ಕಾಲನಿರ್ಣಯ

ಕಳೆದ ತಿಂಗಳ ಬಳಗದ ಕೂಟದಲ್ಲಿ ಹಲ್ಮಿಡಿ ಶಾಸನದ ಮಾತು ಬಂದದ್ದು ಬಂದವರಿಗೆಲ್ಲ ನೆನಪಿರಬಹುದು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ. ಸುಮಾರು ಕ್ರಿ.ಶ. 450 ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಲಿಪಿಯ ತಿರುವು, ಭಾಷೆಯ ರೂಪ, ಅದರಲ್ಲಿ ಬರುವ ಅರಸನ ಹೆಸರು ಇವುಗಳನ್ನು ತೂಗಿ ನೋಡಿ ವಿದ್ವಾಂಸರು ಕೊಟ್ಟ ತೀರ್ಪು. "ಇಸವಿ ಬರೆದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ" ಎಂದು ಕಾಫಿ ಹೀರುತ್ತ ಯಾರೋ ಅಂದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು. ಏಕೆಂದರೆ ಮೈತುಂಬ ಇಸವಿ ಬರೆದುಕೊಂಡಿದ್ದ ಒಂದು ವಸ್ತುವಿನ ಕಾಲ ನಿರ್ಣಯಿಸಲು ಹೋಗಿ ನಾವು ಪಟ್ಟ ಪಾಡು ನಮಗೇ ಗೊತ್ತು. ಅದು ಶಾಸನವಲ್ಲ, ಒಂದು ಕಪ್ಪು ಟೆಲಿಫೋನು. ಆ ಕಥೆಯನ್ನು ಬರೆದು ಕೊಡಿ ಎಂದು ಸಂಪಾದಕರು ಅಲ್ಲೇ ಗಂಟು ಬಿದ್ದರು. ಹಾಗಾಗಿ ಇದು.

ನಾವಿರುವುದು ಷಿಕಾಗೋದ ಹೊರವಲಯದಲ್ಲಿ. ಎದುರುಮನೆಯಲ್ಲಿ ಎಂಬತ್ತೆಂಟು ದಾಟಿದ ಒಬ್ಬ ಅಜ್ಜಿ. ಹುಟ್ಟಿದ್ದೂ ಅದೇ ಮನೆಯಲ್ಲಿ, ಮದುವೆಯಾದ ಮೇಲೂ ಅದೇ ಮನೆ. ಎರಡು ವರ್ಷದ ಹಿಂದೆ ಮಗಳ ಊರಿಗೆ ಹೊರಟು ನಿಂತಾಗ ಸಾಮಾನುಗಳನ್ನೆಲ್ಲ ಹಂಚತೊಡಗಿದರು. ನಮ್ಮ ಪಾಲಿಗೆ ಬಂದದ್ದು ಈ ಫೋನು. "ನೀವಿಬ್ಬರೂ ಕಂಪ್ಯೂಟರಿನವರಲ್ಲವೇ, ಇದನ್ನು ಚೆನ್ನಾಗಿ ನೋಡಿಕೊಳ್ಳುತ್ತೀರಿ" ಎಂದರು. ಅಮೆರಿಕದಲ್ಲೂ ಹೀಗೆಯೇ, ನಮ್ಮವರಿಗೆ ಮಿಕ್ಸಿ ಕೆಟ್ಟರೂ ಸಾಫ್ಟ್‌ವೇರಿನವರೇ ಬೇಕು! ಆಮೇಲೆ ಸ್ವಲ್ಪ ತಡೆದು ಹೇಳಿದರು: 1953ರ ಆಗಸ್ಟ್‌ನಲ್ಲಿ, ಅವರಿಗೆ ಹದಿನಾರು ವರ್ಷವಾಗಿದ್ದಾಗ, ಕೊರಿಯಾದಲ್ಲಿ ಸೆರೆಯಾಗಿದ್ದ ಅಣ್ಣ ಬಿಡುಗಡೆಯಾದವರ ಪಟ್ಟಿಯಲ್ಲಿದ್ದಾನೆ ಎಂಬ ಸುದ್ದಿ ಬಂದದ್ದು ಈ ಫೋನಿಗೆ. ತಾಯಿ ಹಿತ್ತಲಲ್ಲಿದ್ದರಂತೆ. ಫೋನೆತ್ತಿದ್ದು ಇವರೇ. "ಆ ಗಂಟೆಯ ಸದ್ದು ಈಗಲೂ ಕಿವಿಯಲ್ಲಿದೆ" ಎಂದರು. ಆ ವರ್ಷದ ಜುಲೈ 27ಕ್ಕೆ ಕದನವಿರಾಮ, ಆಗಸ್ಟ್ 5ರಿಂದ ಸೆಪ್ಟೆಂಬರ್ 6ರವರೆಗೆ ಯುದ್ಧಕೈದಿಗಳ ದೊಡ್ಡ ವಿನಿಮಯ ನಡೆಯಿತು. ಅಲ್ಲಿಗೆ ಅಜ್ಜಿಯ ಲೆಕ್ಕ ಸರಿಯಾಗಿದೆ.

ಫೋನನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟೆವು. ಎರಡು ಸ್ಕ್ರೂ ಸಡಿಲಿಸಿದರೆ ಮೇಲಿನ ಕವಚ ಕೈಗೆ ಬರುತ್ತದೆ. ಒಳಗೆ ನೋಡಿದ್ದೇ ತಪ್ಪಾಯಿತೋ ಏನೋ.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳಬೇಕು. ಆಗಿನ ಅಮೆರಿಕದಲ್ಲಿ ಬಹುಪಾಲು ಫೋನುಗಳು ಬೆಲ್ ಸಿಸ್ಟಂನವು. ತಯಾರಿಸುತ್ತಿದ್ದುದು ಅದರದೇ ಅಂಗವಾದ ವೆಸ್ಟರ್ನ್ ಎಲೆಕ್ಟ್ರಿಕ್. ಗಿರಾಕಿಗೆ ಫೋನು ಮಾರುತ್ತಿರಲಿಲ್ಲ, ಬಾಡಿಗೆಗೆ ಕೊಡುತ್ತಿದ್ದರು. ಬೆಲ್ ಸಿಸ್ಟಂನ ಸ್ವತ್ತು, ಮಾರಾಟಕ್ಕಲ್ಲ ಎಂದು ಫೋನಿನ ಮೈಮೇಲೆಯೇ ಒತ್ತಿರುತ್ತಿದ್ದರು. 1984ರ ಜನವರಿ 1ರಂದು ಆ ಸಂಸ್ಥೆಯನ್ನು ಒಡೆಯುವವರೆಗೂ ಅಮೆರಿಕದ ಎಷ್ಟೋ ಮನೆಗಳಲ್ಲಿ ಫ್ರಿಜ್ಜು ಸ್ವಂತದ್ದು, ಕಾರು ಸ್ವಂತದ್ದು, ಫೋನು ಮಾತ್ರ ಬಾಡಿಗೆಯದು. ಒಡೆದ ಮೇಲೂ ಅಭ್ಯಾಸಬಲದಿಂದ ತಿಂಗಳು ತಿಂಗಳೂ ಬಾಡಿಗೆ ಕಟ್ಟುತ್ತಲೇ ಇದ್ದ ವೃದ್ಧರು ಬಹಳ ಮಂದಿ.

ಸ್ವತ್ತು ಕಂಪನಿಯದಾದ್ದರಿಂದ ಅದನ್ನು ಬಾಳಿಕೆ ಬರುವಂತೆ ಮಾಡುವುದೂ, ಕೆಟ್ಟರೆ ರಿಪೇರಿ ಮಾಡಿ ಮತ್ತೆ ಬಾಡಿಗೆಗೆ ಬಿಡುವುದೂ ಕಂಪನಿಗೇ ಲಾಭ. ಯಾರದೋ ಮನೆ ಖಾಲಿಯಾಯಿತು, ಫೋನು ವಾಪಸು ಬಂತು. ರಿಪೇರಿ ಶಾಲೆಯಲ್ಲಿ ಅದನ್ನು ಬಿಚ್ಚಿ, ಸವೆದದ್ದನ್ನು ತೆಗೆದು, ಚೆನ್ನಾಗಿರುವುದನ್ನು ಉಳಿಸಿ, ಮತ್ತೆ ಜೋಡಿಸಿ, ತಳದಲ್ಲಿ ಹೊಸ ಮುದ್ರೆ ಒತ್ತಿ ಇನ್ನೊಬ್ಬರ ಮನೆಗೆ ಕಳಿಸುವುದು. ಇದಕ್ಕೆ ಅನುಕೂಲವಾಗಲೆಂದೇ ಪ್ರತಿ ಬಿಡಿಭಾಗದ ಮೇಲೂ ಅದರ ಸಂಕೇತ ಮತ್ತು ತಯಾರಾದ ಕಾಲವನ್ನು ಒತ್ತುತ್ತಿದ್ದರು. ಡಯಲಿಗೆ ಒಂದು, ಗಂಟೆಗೆ ಒಂದು, ಕವಚದ ಒಳಮೈಗೆ ಒಂದು, ಕಿವಿಗಿಡುವ ಭಾಗಕ್ಕೆ ಒಂದು, ಬಾಯಿಯ ಭಾಗಕ್ಕೆ ಇನ್ನೊಂದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಮಾಡ್ಯೂಲಿಗೂ ಬೇರೆ ಬೇರೆ ವರ್ಷನ್ ನಂಬರು. ಇಡೀ ಪ್ರೋಗ್ರಾಮಿಗೆ ಮಾತ್ರ ಇಲ್ಲ.

ಇಂಥ ಮುದ್ರೆಗಳನ್ನು ಓದುವುದಕ್ಕೂ ಸ್ವಲ್ಪ ಲಿಪಿಜ್ಞಾನ ಬೇಕು. 1930-40ರ ದಶಕಗಳ ಭಾಗಗಳ ಮೇಲೆ ರೋಮನ್ ಅಂಕಿಯೊಂದು, ಪಕ್ಕದಲ್ಲಿ ಎರಡು ಸಾಮಾನ್ಯ ಅಂಕಿ ಸಿಗುತ್ತವೆ. ರೋಮನ್ ಮೂರು, ಪಕ್ಕದಲ್ಲಿ 40 ಎಂದಿದ್ದರೆ 1940ರ ಮೂರನೆಯ ತ್ರೈಮಾಸಿಕ, ಅಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ತಯಾರಾದದ್ದು. ಮುಂದೆ ಅದು ಹೋಗಿ ನೇರವಾಗಿ ತಿಂಗಳು-ವರ್ಷ ಬಂತು. ಕವಚದ ಒಳಗಡೆ ಹಲವು ಸಲ ದಿನಾಂಕವೂ ಇರುತ್ತದೆ. ಅಲ್ಲಿ ನಮ್ಮಂಥವರು ಎಡವುವುದು ಖಂಡಿತ. 8-5-57 ಎಂದರೆ ನಮ್ಮ ಮೈಸೂರಿನ ಲೆಕ್ಕದಲ್ಲಿ ಮೇ ಎಂಟು. ಇವರಿಗೆ ಆಗಸ್ಟ್ ಐದು. ಇಪ್ಪತ್ತು ವರ್ಷ ಇಲ್ಲಿದ್ದರೂ ಹಾಲಿನ ಡಬ್ಬದ ಮೇಲಿನ ತಾರೀಖು ನೋಡುವಾಗ ಒಂದು ಕ್ಷಣ ನಿಂತು ಯೋಚಿಸುವವರು ನಾವು!

ಮುದ್ರೆಯೇ ಅಳಿಸಿಹೋಗಿದ್ದರೂ ವಸ್ತು ತಾನೇ ಬಾಯಿಬಿಡುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್‌ನ 302 ಎಂಬ ಮಾದರಿ ಬಂದದ್ದು 1937ರಲ್ಲಿ. ಹಳೆಯ ಕಪ್ಪುಬಿಳುಪು ಹಾಲಿವುಡ್ ಚಿತ್ರಗಳಲ್ಲಿ ಪತ್ತೇದಾರನ ಮೇಜಿನ ಮೇಲೆ ಕೂತಿರುತ್ತದಲ್ಲ, ಮೂಲೆಗಳು ನುಣುಪಾದ ಆ ಗಟ್ಟಿಮುಟ್ಟಾದ ಕಪ್ಪು ಫೋನು, ಅದೇ. ಅದರ ರೂಪದಲ್ಲಿ ಹೆನ್ರಿ ಡ್ರೇಫಸ್ ಎಂಬ ವಿನ್ಯಾಸಕಾರನ ಕೈ ಇದೆ. ಅದಕ್ಕೆ ಮುಂಚೆ ಗಂಟೆಗೆ ಬೇರೆಯೇ ಒಂದು ಪೆಟ್ಟಿಗೆ ಗೋಡೆಯ ಮೇಲೆ ಇರುತ್ತಿತ್ತು. 302ರಲ್ಲಿ ಗಂಟೆ ಫೋನಿನ ಹೊಟ್ಟೆಯೊಳಗೆ ಸೇರಿತು. ಮೊದಮೊದಲು ಅದರ ಕವಚ ಸತುವಿನ ಮಿಶ್ರಲೋಹದ್ದು. ಯುದ್ಧದ ಹೊತ್ತಿಗೆ, 1941ರ ಸುಮಾರಿಗೆ, ಲೋಹ ಹೋಗಿ ಪ್ಲಾಸ್ಟಿಕ್ ಬಂತು. ಆದ್ದರಿಂದ ಲೋಹದ ಕವಚ ಕಂಡರೆ ಮುದ್ರೆ ನೋಡದೆಯೇ ಯುದ್ಧಪೂರ್ವದ್ದೆನ್ನಬಹುದು, ಕವಚ ಮಟ್ಟಿಗೆ. ಆ ಕೊನೆಯ ಎರಡು ಪದಗಳಿಗೆ ಆಮೇಲೆ ಬರುತ್ತೇವೆ.

1949-50ರಲ್ಲಿ 500 ಎಂಬ ಹೊಸ ಮಾದರಿ ಬಂತು. ಇದೂ ಡ್ರೇಫಸ್‌ನದೇ. ಅಮೆರಿಕದ ಡಯಲ್ ಫೋನೆಂದರೆ ನಮ್ಮ ಕಣ್ಣಿಗೆ ಕಟ್ಟುವುದು ಇದೇ. ಅಂಕಿಗಳು ಬೆರಳಿಡುವ ತೂತಿನ ಒಳಗಿಲ್ಲ, ಸುತ್ತಲ ಅಂಚಿನಲ್ಲಿವೆ. ತಿರುಗಿಸಿ ತಿರುಗಿಸಿ ಅಂಕಿ ಅಳಿಸಿಹೋಗಬಾರದೆಂಬುದು ಇದರಿಂದಾದ ಒಂದು ಅನುಕೂಲ. 1954ರ ವೇಳೆಗೆ ಬಣ್ಣ ಬಣ್ಣದವು ಬಂದವು. ಇನ್ನು ಗುಂಡಿ ಒತ್ತುವ ಫೋನು ಸಾರ್ವಜನಿಕರ ಕೈಗೆ ಸಿಕ್ಕಿದ್ದು 1963ರ ನವೆಂಬರ್ 18ರಂದು, ಪೆನ್ಸಿಲ್ವೇನಿಯಾದ ಎರಡು ಸಣ್ಣ ಊರುಗಳಲ್ಲಿ.

ನಮ್ಮ ಮೇಜಿನ ಮೇಲಿದ್ದದ್ದು ಮೇಲ್ನೋಟಕ್ಕೆ 500. ಆದರೆ ಏನೋ ಸರಿಯಿಲ್ಲ. ಮೈಗೆ ಅಳತೆ ತಪ್ಪಿ ಹೊಲಿಸಿದ ಕೋಟು ಹಾಕಿಕೊಂಡಂತೆ. ರಿಸೀವರು 500ರದ್ದಲ್ಲ, ಅದಕ್ಕಿಂತ ಭಾರವಾದ ಹಳೆಯ ಬೇಕಲೈಟಿನ ಎಫ್-1. ಕವಚ ಎತ್ತಿದರೆ ಒಳಗಿರುವುದು ಸಂಪೂರ್ಣ 302! ತಳದ ತಗಡಿನ ಮೇಲೆ ಶಾಯಿಯಲ್ಲಿ 5302 ಎಂದು ಒತ್ತಿದ್ದರು. ಆಗ ಅರ್ಥವಾಯಿತು.

ಮಹಾಯುದ್ಧದಲ್ಲಿ ಕಾರ್ಖಾನೆಗಳು ಸೈನ್ಯದ ಕೆಲಸಕ್ಕೆ ತಿರುಗಿ ಮನೆಬಳಕೆಯ ಫೋನುಗಳ ತಯಾರಿ ನಿಂತುಹೋಗಿತ್ತು. ಯುದ್ಧ ಮುಗಿದಾಗ ಫೋನಿಗಾಗಿ ಹೆಸರು ಬರೆಸಿ ಕಾಯುತ್ತಿದ್ದವರು ಲಕ್ಷಾಂತರ ಜನ. (ಎಂಬತ್ತರ ದಶಕದ ಬೆಂಗಳೂರಿನಲ್ಲಿ ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಇದನ್ನು ಓದಿ ಸಮಾಧಾನ ಪಡಬಹುದು.) 500 ಬಂದ ಮೇಲೂ ಹಳೆಯ 302ಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಚೆನ್ನಾಗಿ ಕೆಲಸ ಮಾಡುವ ಯಂತ್ರಗಳು, ಆದರೆ ಗಿರಾಕಿಗೆ ಹೊಸ ರೂಪವೇ ಬೇಕು. 1955ರಿಂದ ಕಂಪನಿ ಒಂದು ಉಪಾಯ ಮಾಡಿತು. ಹಳೆಯ 302ರ ತಳ, ಗಂಟೆ, ಕಾಯಿಲುಗಳ ಮೇಲೆ 500ನ್ನು ಹೋಲುವ ಹೊಸ ಕವಚ ಮುಚ್ಚಿ 5302 ಎಂದು ಹೆಸರಿಟ್ಟು ಹಂಚಿತು. ಒಳಗೆ ತಾತ, ಹೊರಗೆ ಮೊಮ್ಮಗ.

ಒಂದೊಂದಾಗಿ ಬರೆದುಕೊಂಡೆವು. ಕೆಪಾಸಿಟರಿನ ಡಬ್ಬಿಯ ಮೇಲೆ 1940ರ ಮೂರನೆಯ ತ್ರೈಮಾಸಿಕ. ಗಂಟೆಯ ಮೇಲೆ 1941ರ ಮೊದಲನೆಯದು. ರಿಸೀವರಿನ ಬಾಯಿಯ ಮುಚ್ಚಳ ತಿರುಗಿಸಿ ತೆಗೆದರೆ ಒಳಗೆ 47. ಡಯಲಿನ ಬೆನ್ನಿನಲ್ಲಿ 49. ಕವಚದ ಒಳಮೈಯಲ್ಲಿ 1957ರ ಆಗಸ್ಟ್. ಗೋಡೆಗೆ ಹೋಗುವ ತಂತಿಯ ತುದಿಯಲ್ಲಿ ಈಗಲೂ ಎಲ್ಲೆಡೆ ಕಾಣುವ ಆ ಪಾರದರ್ಶಕ ಪುಟ್ಟ ಪ್ಲಗ್ಗು, ಅದು ಬಳಕೆಗೆ ಬಂದದ್ದೇ ಎಪ್ಪತ್ತರ ದಶಕದಲ್ಲಿ. ಆರು ಭಾಗ, ಆರು ಕಾಲ. ಯಾವುದು ಈ ಫೋನಿನ ಕಾಲ?

ನಮ್ಮಲ್ಲಿ ಒಬ್ಬರು ತಳವೇ ಮೂಲ, ಆದ್ದರಿಂದ 1940-41 ಎಂದು ವಾದ ಹೂಡಿದರು. ಇನ್ನೊಬ್ಬರು ಜೋಡಿಸಿದ ದಿನವೇ ಹುಟ್ಟಿದ ದಿನ ಎಂದರು. ಅನ್ನ ತಣ್ಣಗಾಗುವವರೆಗೆ ಈ ಜಗಳ ನಡೆಯಿತು. ಕವಿಯ ಕಾಲ ಹೇಳುವಾಗ ನಮ್ಮ ವಿದ್ವಾಂಸರು ಪೂರ್ವಮಿತಿ, ಉತ್ತರಮಿತಿ ಎಂದು ಎರಡು ಗೂಟ ಹೊಡೆಯುತ್ತಾರೆ. ಕವಿ ಇಂಥವನನ್ನು ಸ್ಮರಿಸಿದ್ದಾನೆ, ಆದ್ದರಿಂದ ಅವನಿಗಿಂತ ಈಚಿನವನು. ಇಂಥವನು ಇವನನ್ನು ಹೊಗಳಿದ್ದಾನೆ, ಆದ್ದರಿಂದ ಇವನು ಅವನಿಗಿಂತ ಹಿಂದಿನವನು. ಫೋನಿಗೂ ಇದೇ ಸೂತ್ರ ಹೊಂದುತ್ತದೆ. ಒಟ್ಟಿಗೆ ಕೂಡಿಸಿದ ಭಾಗಗಳಲ್ಲಿ ಎಲ್ಲಕ್ಕಿಂತ ಈಚಿನದು ಯಾವುದೋ, ಜೋಡಣೆ ಅದಕ್ಕಿಂತ ಹಿಂದಿನದಾಗಲಾರದು. ಹಳೆಯ ಭಾಗ ಎಷ್ಟೇ ಹಳೆಯದಿರಲಿ, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದ್ದು ಇದೇ ತರ್ಕದಿಂದ. ತಿಥಿ ಬಹಳ ಹಿಂದಿನದು, ಅಕ್ಷರಗಳು ಬಹಳ ಈಚಿನವು. ಹಾಗೆ ನೋಡಿದರೆ ಲೋಹದ ಕವಚದ 302 ಕೂಡ ಯುದ್ಧಪೂರ್ವದ ಫೋನೇ ಆಗಬೇಕಿಲ್ಲ. ಒಳಗೆ 1949ರ ಡಯಲಿದ್ದರೆ ಮುಗಿಯಿತು.

ಪ್ಲಗ್ಗಿನ ತಂತಿಯನ್ನು ಈ ಲೆಕ್ಕದಿಂದ ಬಿಡಬಹುದು. ಅದನ್ನು ಮನೆಯಲ್ಲೇ ಬದಲಾಯಿಸುತ್ತಾರೆ, ಹಸ್ತಪ್ರತಿಗೆ ಹೊಸ ದಾರ ಕಟ್ಟಿದ ಹಾಗೆ. ಉಳಿದದ್ದು ಕವಚ. ಅದು 1957ರ ಆಗಸ್ಟ್‌ನದು. ಜೊತೆಗೆ ಈ ಮಾದರಿಯೇ 1955ಕ್ಕೆ ಮುಂಚೆ ಇರಲಿಲ್ಲ.

ಇನ್ನೊಂದು ಸಾಕ್ಷಿ ಡಯಲಿನ ನಡುವಿನ ಚೀಟಿ. ಸೆಲ್ಯುಲಾಯ್ಡ್ ಹಾಳೆಯ ಕೆಳಗೆ ಮನೆಯ ನಂಬರು, ಮುಂದೆ 312 ಎಂಬ ಏರಿಯಾ ಕೋಡು. ಈಗ ನಮ್ಮ ಬಡಾವಣೆಯಲ್ಲಿ 312 ಇಲ್ಲ, ಷಿಕಾಗೋ ಹೊರವಲಯಕ್ಕೆ 1989ರಲ್ಲಿ 708 ಬಂತು. ಚಿಮುಟದಿಂದ ಮೆಲ್ಲಗೆ ಎತ್ತಿದರೆ ಅದರಡಿ ಇನ್ನೊಂದು ಚೀಟಿ, ಹಳದಿಗಟ್ಟಿದ್ದು. ಅದೇ ನಂಬರು, ಆದರೆ ಮೊದಲೆರಡು ಅಂಕಿಗಳ ಜಾಗದಲ್ಲಿ ಅಕ್ಷರಗಳು. ಆಗೆಲ್ಲ ಎಕ್ಸ್‌ಚೇಂಜಿನ ಹೆಸರಿನ ಮೊದಲೆರಡು ಅಕ್ಷರ, ಆಮೇಲೆ ಐದು ಅಂಕಿ. ಅಕ್ಷರ ಬಿಟ್ಟು ಬರೀ ಅಂಕಿಗಳಿಗೆ ದೇಶ ಹೊರಳಲು ಶುರುವಾದದ್ದು 1958ರ ಆಸುಪಾಸಿನಿಂದ, ಅದು ಒಂದೇ ದಿನದಲ್ಲಿ ಆದದ್ದಲ್ಲ. ಅಂದರೆ 1957ರ ಈಚೆ, ಅಕ್ಷರಗಳು ಇನ್ನೂ ಚಾಲ್ತಿಯಲ್ಲಿದ್ದಾಗ, ಈ ಫೋನು ಅಜ್ಜಿಯ ಮನೆಗೆ ಬಂದಿದೆ. 1953ರಲ್ಲಿ ಬಂದ ಕರೆ ಈ ಫೋನಿಗೆ ಬಂದದ್ದಲ್ಲ.

ಆ ರಾತ್ರಿ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮುಂದಿನ ವಾರಾಂತ್ಯ ಇದನ್ನೆಲ್ಲ ತಲೆಯಿಂದ ತೆಗೆಯಲೆಂದು ಸಿಸಿರೋಗೆ ಹೋಗಿಬಂದೆವು. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿ. ವೆಸ್ಟರ್ನ್ ಎಲೆಕ್ಟ್ರಿಕ್‌ನ ಹಾಥಾರ್ನ್ ಕಾರ್ಖಾನೆ ಇದ್ದದ್ದು ಅಲ್ಲಿ. 1905ರಲ್ಲಿ ಶುರುವಾಗಿ, ಉಚ್ಛ್ರಾಯದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ಕೊಟ್ಟು, 1983ರಲ್ಲಿ ಮುಚ್ಚಿತು. ಎಂ.ಬಿ.ಎ. ಓದಿದವರಿಗೆ ಹಾಥಾರ್ನ್ ಎಫೆಕ್ಟ್ ಗೊತ್ತಿರುತ್ತದೆ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂದು ತಿಳಿದಾಗ ಕೆಲಸಗಾರರ ನಡತೆಯೇ ಬದಲಾಗುತ್ತದೆ ಎಂಬ ಆ ಮಾತು ಹುಟ್ಟಿದ್ದು ಇಲ್ಲಿ 1924ರಿಂದ 1932ರವರೆಗೆ ನಡೆದ ಪ್ರಯೋಗಗಳಿಂದ. ಅಷ್ಟಾಗಿ ಗೊತ್ತಿಲ್ಲದ ಸಂಗತಿ 1915ರ ಜುಲೈ 24ರದ್ದು. ಕಾರ್ಖಾನೆಯ ನೌಕರರು ಮಕ್ಕಳುಮರಿಗಳೊಂದಿಗೆ ಪಿಕ್ನಿಕ್‌ಗೆ ಹೊರಟ ಈಸ್ಟ್‌ಲ್ಯಾಂಡ್ ಎಂಬ ಹಡಗು ಷಿಕಾಗೋ ನದಿಯಲ್ಲಿ ದಡ ಬಿಡುವ ಮುನ್ನವೇ ಮಗುಚಿ 844 ಜನ ಸತ್ತರು. ಈಗ ಅಲ್ಲಿ ಅಂಗಡಿಸಾಲು, ಕಾರು ನಿಲ್ಲಿಸುವ ಜಾಗ. ಹಳೆಯ ಇಟ್ಟಿಗೆಯ ಗೋಪುರವೊಂದು ಉಳಿದಿದೆ. ಅಲ್ಲಿ ನಿಂತು ಒಂದೆರಡು ಫೋಟೋ ತೆಗೆದುಕೊಂಡು, ಪಕ್ಕದಲ್ಲಿ ಟಾಕೋ ತಿಂದು ಬಂದೆವು.

ಅಂದಹಾಗೆ ಷಿಕಾಗೋಗೂ ನಮ್ಮ ಬೆಂಗಳೂರಿಗೂ ಒಂದು ತಂತಿ ಇದೆ. ಆಪರೇಟರಿಲ್ಲದೆ ತಾನೇ ಕರೆ ಜೋಡಿಸುವ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಪಡೆದವನು ಆಲ್ಮನ್ ಸ್ಟ್ರೋಜರ್, ವೃತ್ತಿಯಿಂದ ಶವಸಂಸ್ಕಾರದ ವ್ಯವಸ್ಥೆ ಮಾಡುವವನು. ಅವನ ಯಂತ್ರಗಳನ್ನು ಷಿಕಾಗೋದ ಆಟೊಮ್ಯಾಟಿಕ್ ಎಲೆಕ್ಟ್ರಿಕ್ ಕಂಪನಿ ತಯಾರಿಸಿತು. ಅದರ ಹಕ್ಕು ಪಡೆದು ಲಿವರ್‌ಪೂಲಿನಲ್ಲಿ ಒಂದು ಕಂಪನಿ ಹುಟ್ಟಿತು. 1948ರಲ್ಲಿ ಬೆಂಗಳೂರಿನ ಕೃಷ್ಣರಾಜಪುರದ ಬಳಿ ಐ.ಟಿ.ಐ. ಆರಂಭವಾದಾಗ ತಾಂತ್ರಿಕ ನೆರವು ಬಂದದ್ದು ಆ ಲಿವರ್‌ಪೂಲಿನಿಂದ. ನಮ್ಮ ಬಳಗದಲ್ಲಿ ದೂರವಾಣಿನಗರದ ಕ್ವಾರ್ಟರ್ಸಿನಲ್ಲಿ ಬೆಳೆದವರೊಬ್ಬರಿದ್ದಾರೆ. ಈ ಫೋನನ್ನು ತೋರಿಸಿದಾಗ ಅವರು ಮಾತಾಡಲಿಲ್ಲ. ಡಯಲನ್ನು ಸೊನ್ನೆಯವರೆಗೆ ತಿರುಗಿಸಿ ಬಿಟ್ಟು, ಅದು ಕರಕರ ಎಂದು ಹಿಂದಕ್ಕೆ ಬರುವಾಗ ಕಣ್ಣುಮುಚ್ಚಿ ಹತ್ತು ಎಣಿಸಿದರು. ಸೆಕೆಂಡಿಗೆ ಹತ್ತು ಮಿಡಿತ, ಸೊನ್ನೆಗೆ ಪೂರ್ತಿ ಹತ್ತು. "ಸ್ಪೀಡು ಸರಿಯಾಗಿದೆ, ನಮ್ಮಪ್ಪ ಕಿವಿಯಲ್ಲೇ ಹೇಳೋರು" ಎಂದರು.

ಅವರನ್ನೇ ಕೇಳಿದೆವು, ಅಜ್ಜಿಗೆ ಹೇಳಬೇಕೋ ಬೇಡವೋ ಎಂದು. "ಅವರೇನು ಮ್ಯೂಸಿಯಂಗೆ ಕೊಟ್ಟಿದ್ದಾರಾ? ನಿಮಗೆ ಕೊಟ್ಟಿದ್ದಾರೆ, ಸುಮ್ಮನಿರಿ" ಎಂದರು. ನಮ್ಮಲ್ಲಿ ಒಬ್ಬರಿಗೆ ಅದು ಸರಿಯೆನಿಸಿತು. ಇನ್ನೊಬ್ಬರಿಗೆ ಎದುರುಮನೆಯವರ ಮುಖ ನೋಡುವಾಗಲೆಲ್ಲ ಏನೋ ಬಚ್ಚಿಟ್ಟ ಹಾಗೆ ಕಸಿವಿಸಿ. ಕೊನೆಗೆ ಅಜ್ಜಿ ಹೊರಡುವುದಕ್ಕೆ ಮೂರು ದಿನ ಮುಂಚೆ ಊಟಕ್ಕೆ ಕರೆದೆವು. ಚಿತ್ರಾನ್ನ ಮೆಚ್ಚಿಕೊಂಡು ತಿಂದರು. ಫೋನು ಮೇಜಿನ ಮೇಲೆ ಕವಚ ತೆಗೆದೇ ಇತ್ತು. ಗಂಟೆಯ ಎರಡು ಹಿತ್ತಾಳೆಯ ಬಟ್ಟಲುಗಳನ್ನು ಬಗ್ಗಿ ನೋಡಿದರು. ಇಷ್ಟು ವರ್ಷ ಇದ್ದರೂ ಒಳಗೆ ನೋಡಿಯೇ ಇರಲಿಲ್ಲವಂತೆ. ನಾವು ಒಂದೊಂದೇ ಮುದ್ರೆ ತೋರಿಸುತ್ತ ಬಂದೆವು. ಕವಚದ 57ಕ್ಕೆ ಬಂದಾಗ ಇಬ್ಬರೂ ತಡೆದೆವು.

ಅಜ್ಜಿ ಒಂದು ನಿಮಿಷ ಸುಮ್ಮನಿದ್ದು, ಆಮೇಲೆ ನಕ್ಕರು. "ಹೌದಲ್ಲ! ಕಂಪನಿಯ ಮನುಷ್ಯ ಬಂದಿದ್ದ. ಅಮ್ಮ ಆಗ ಅಡುಗೆಮನೆಗೆ ಬಣ್ಣ ಹೊಡೆಸಿದ್ದರು, ಹಳೆಯ ಫೋನು ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅವನು ಹಳೆಯದನ್ನು ಚೀಲಕ್ಕೆ ಹಾಕಿಕೊಂಡು ಇದನ್ನಿಟ್ಟು ಹೋದ. ಮರೆತೇಬಿಟ್ಟಿದ್ದೆ." ಆಮೇಲೆ ಸದ್ದು ಕೇಳಿ ಅಮ್ಮ, "ಇದೇನು, ಗಂಟೆ ಅದೇ ಇದೆಯಲ್ಲ!" ಎಂದಿದ್ದರಂತೆ. ಅದು ಸುಳ್ಳಲ್ಲ. ಒಳಗಿನ ಯಂತ್ರ 302ರದ್ದೇ ತಾನೇ.

"ಹಾಗಾದರೆ ಅದು ಎಲ್ಲಿ ಹೋಯಿತು?" ಎಂದು ಕೇಳಿದರು. ಯಾವುದೋ ರಿಪೇರಿ ಶಾಲೆಗೆ ಹೋಗಿರುತ್ತದೆ, ಬಿಚ್ಚಿರುತ್ತಾರೆ, ಅದರ ಗಂಟೆಯೂ ಹೀಗೇ ಒಂದು ಹೊಸ ಕವಚದೊಳಗೆ ಸೇರಿ ಇನ್ಯಾರದೋ ಮನೆಗೆ ಹೋಗಿರಬಹುದು ಎಂದೆವು. ಈ ಗಂಟೆ 1941ರದ್ದು, ಇದೂ ಮೊದಲು ಬೇರೆ ಯಾರ ಮನೆಯಲ್ಲೋ ಬಡಿದುಕೊಂಡದ್ದೇ. "ಡಿಸೆಂಬರ್‌ನಲ್ಲೂ ಬಡಿದುಕೊಂಡಿರಬಹುದು" ಎಂದರು ಅಜ್ಜಿ. ಪರ್ಲ್ ಹಾರ್ಬರ್ ಅಂದು ಅವರಿಗೆ ನಾಲ್ಕು ವರ್ಷ.

"ಈಗ ಬಡಿಯುತ್ತದೆಯೇ?"

ನಮ್ಮ ಇಂಟರ್‌ನೆಟ್ ಫೋನಿನ ಅಡಾಪ್ಟರಿಗೆ ಡಯಲಿನ ಮಿಡಿತ ಅರ್ಥವಾಗುವುದಿಲ್ಲ, ಆದ್ದರಿಂದ ಇದರಿಂದ ಯಾರಿಗೂ ಕರೆ ಮಾಡಲಾಗದು. ಬಂದ ಕರೆಗೆ ಮಾತ್ರ ತೊಂದರೆಯಿಲ್ಲ. ಸುಮಾರು 90 ವೋಲ್ಟಿನ ಕರೆಂಟು ಗಂಟೆಗೆ ಹೋದರೆ ಸಾಕು. ಹಿಂದಿನ ವಾರ ತಂತಿ ಕೈಯಲ್ಲಿ ಹಿಡಿದಿದ್ದಾಗಲೇ ಯಾರೋ ಮಾರಾಟದವನು ಕರೆ ಮಾಡಿ, ನಮ್ಮಲ್ಲೊಬ್ಬರು ಕುರ್ಚಿಯಿಂದ ಹಾರಿದ್ದರಿಂದ ಅದು ಚೆನ್ನಾಗಿ ಗೊತ್ತಿತ್ತು. ಕವಚ ಮುಚ್ಚಿ ಸ್ಕ್ರೂ ಬಿಗಿಮಾಡಿದೆವು. ಅಡುಗೆಮನೆಗೆ ಹೋಗಿ ಮೊಬೈಲಿನಿಂದ ಮನೆಯ ನಂಬರು ಒತ್ತಿದೆವು.

ಮೊದಲನೆಯ ಸಲ ಬಡಿದಾಗ ಅಜ್ಜಿ ಕೈ ಮುಂದೆ ತಂದು ಹಿಂದಕ್ಕೆ ತೆಗೆದುಕೊಂಡರು. ನಾಲ್ಕು ಸಲ ಬಡಿಯಲು ಬಿಟ್ಟರು. ಐದನೆಯದಕ್ಕೆ ಎತ್ತಿ, ಮನೆಯ ಹೆಸರು ಹೇಳಿದರು. ನಮ್ಮದಲ್ಲ, ಅವರ ತಂದೆಯ ಮನೆತನದ ಹೆಸರು. ಹಲೋ ಅನ್ನುವ ಬದಲು ಆಗ ಹಾಗೆ ಹೇಳುವುದೇ ಅವರ ಮನೆಯ ರೂಢಿಯಂತೆ.